ಮಡಿಕೇರಿಯ ಒಂದು ಓದಿನ ತರಗತಿ: 11 ತಿಂಗಳ ಅನುಭವ

ಓದಲು ತಡವರಿಸುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ಕೂರಿಸಿಕೊಂಡು ಕಲಿಸುವ ವಿಶೇಷ ಶಿಕ್ಷಕಿಯೊಬ್ಬರು ಮಡಿಕೇರಿಯಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ತರಗತಿ ನಡೆಸುತ್ತಾರೆ. ಮೂರನೆಯ ತರಗತಿಯಲ್ಲಿರುವ ನನ್ನ ಮಗ 11 ತಿಂಗಳಿನಿಂದ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತಿದ್ದಾನೆ. ಒಂದು ಅವಧಿಗೆ (ಟರ್ಮಿಗೆ) ಒಟ್ಟು ಎಂಟು ಮಕ್ಕಳಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳಲು ಆಗದ ಕಾರಣ ಹೆಸರು, ವಿಳಾಸ ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ, ಆ ಮಾತನ್ನು ಉಳಿಸಿಕೊಂಡಿದ್ದೇನೆ. ಆದರೂ ಬರೆಯುವ ಅಗತ್ಯ ಕಂಡಿತು. ಮೈಸೂರಿನಲ್ಲೋ ಮಂಗಳೂರಿನಲ್ಲೋ ಇಂಥದೇ ತರಗತಿಯನ್ನು ಹುಡುಕುತ್ತಿರುವ ತಂದೆತಾಯಿಗಳಿಗೆ ಅಲ್ಲಿ ಏನನ್ನು ಗಮನಿಸಬೇಕು, ಏನನ್ನು ಕೇಳಬೇಕು ಎಂಬುದಾದರೂ ಇದರಿಂದ ತಿಳಿಯಲಿ ಎಂಬುದು ನನ್ನ ಆಸೆ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಈ ತರಗತಿಯಿಂದ ನನ್ನ ಮಗನಿಗೆ ನಿಜವಾದ ಪ್ರಯೋಜನವಾಗಿದೆ, ಮತ್ತು ಆ ಪ್ರಯೋಜನಕ್ಕೆ ಕಾರಣ ಇಂಗ್ಲಿಷಿಗಾಗಿ ಹುಟ್ಟಿದ ಆರ್ಟನ್-ಗಿಲಿಂಗ್‌ಹ್ಯಾಮ್ ಎಂಬ ವಿಧಾನವನ್ನು ಶಿಕ್ಷಕಿ ಕನ್ನಡದ ಕಾಗುಣಿತಕ್ಕೆ ತಕ್ಕಂತೆ ಬಿಚ್ಚಿ ಮತ್ತೆ ಕಟ್ಟಿಕೊಂಡಿರುವುದು.

ನಮ್ಮದು ಮೂರ್ನಾಡಿನ ಬಳಿಯ ಚಿಕ್ಕ ಕಾಫಿ ತೋಟ, ಮನೆಮಾತು ಅರೆಭಾಷೆ, ಅಂದರೆ ಕೊಡಗು-ಸುಳ್ಯದ ಕಡೆ ಆಡುವ ಕನ್ನಡದ ಒಂದು ಬಗೆ. ಮಗ ಒಂದನೆಯ ತರಗತಿಯಲ್ಲಿ ಪಾಠಪುಸ್ತಕವನ್ನು ಗಟ್ಟಿಯಾಗಿ, ತಪ್ಪಿಲ್ಲದೆ ಓದುತ್ತಿದ್ದ. ಒಂದು ಸಂಜೆ ಅವನ ಅಜ್ಜ ಚಿತ್ರದ ಮೇಲೆ ಕೈಯಿಟ್ಟು ಅದೇ ಪುಟವನ್ನು ಓದಲು ಹೇಳಿದಾಗ ಅವನು ಸುಮ್ಮನಾಗಿಬಿಟ್ಟ. ಅಷ್ಟು ದಿನ ಅವನು ಓದಿದ್ದು ಚಿತ್ರವನ್ನು ಮತ್ತು ತನ್ನ ನೆನಪನ್ನು. ಎರಡನೆಯ ತರಗತಿಯಲ್ಲಿ ಒಂದು ಟ್ಯೂಷನ್ನಿಗೆ ಸೇರಿಸಿದೆವು. ತಪ್ಪಾದ ಪ್ರತಿ ಪದವನ್ನೂ ಹತ್ತು ಸಲ ಬರೆಸುವುದೇ ಅಲ್ಲಿಯ ಪಾಠವಾಗಿತ್ತು. ಪುಸ್ತಕಗಳು ತುಂಬಿದವು, ಅಕ್ಷರಗಳು ದುಂಡಗಾದವು, ಆದರೆ ತಾನೇ ಬರೆದ ಪದವನ್ನು ಮರುದಿನ ಓದಲು ಅವನಿಗೆ ಬರುತ್ತಿರಲಿಲ್ಲ. ನೋಡಿ ಬರೆಯುವಾಗ ಅವನು ಪದವನ್ನು ಚಿತ್ರದಂತೆ ಬಿಡಿಸುತ್ತಿದ್ದನೆಂದು ನಮಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ 'ಸೋಮಾರಿ', 'ಗಮನವಿಲ್ಲ' ಎಂಬ ಮಾತುಗಳನ್ನು ಅವನು ಸಾಕಷ್ಟು ಕೇಳಿದ್ದ. ಅದರಲ್ಲಿ ಕೆಲವನ್ನು ಆಡಿದವಳು ನಾನೇ ಎಂಬುದು ಇವತ್ತಿಗೂ ನನ್ನನ್ನು ನೋಯಿಸುತ್ತದೆ.

ಈ ಶಿಕ್ಷಕಿ ಮಗುವನ್ನು ತೆಗೆದುಕೊಳ್ಳುವ ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆಯ ಚೀಟಿಯನ್ನೂ, ಸಾಧ್ಯವಾದರೆ ಕಲಿಕಾ ಸಾಮರ್ಥ್ಯದ ಮೌಲ್ಯಮಾಪನದ ವರದಿಯನ್ನೂ ಕೇಳುತ್ತಾರೆ. ಕೊಡಗಿನವರಿಗೆ ಇದಕ್ಕೆ ಮೈಸೂರೇ ಹತ್ತಿರ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ಮಕ್ಕಳನ್ನು ನೋಡುತ್ತದೆ, ಬೆಂಗಳೂರಿಗೆ ಹೋಗಬಲ್ಲವರಿಗೆ ನಿಮ್ಹಾನ್ಸ್ ಇದೆ. ನನ್ನ ಮಗನ ವರದಿಯಲ್ಲಿ ಕೇಳುವುದು, ನೋಡುವುದು, ಯೋಚಿಸುವುದು ಎಲ್ಲವೂ ವಯಸ್ಸಿಗೆ ತಕ್ಕಂತಿವೆ, ಓದು ಮಾತ್ರ ಬಹಳ ಹಿಂದುಳಿದಿದೆ ಎಂದಿತ್ತು. ಬುದ್ಧಿ ಸರಿಯಿದ್ದೂ ಓದು ಮಾತ್ರ ತೊಡಕಾಗುವ ಈ ಸ್ಥಿತಿಗೆ ಅಲ್ಲಿ ಬರೆದಿದ್ದ ಡಿಸ್ಲೆಕ್ಸಿಯಾ ಎಂಬ ಪದವನ್ನು ನೋಡಿ ಮನೆಯವರು ಹೆದರಿದರು, ನನಗೆ ಮಾತ್ರ ನೆಮ್ಮದಿಯಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಸ್ಥಿತಿಗಳಲ್ಲಿ, ಡಿಸ್ಲೆಕ್ಸಿಯಾವನ್ನು ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಹಾಗಾಗಿ ಈ ವರದಿ ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿ ಕೇಳುವಾಗಲೂ ಬೇಕಾಗುತ್ತದೆ, ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನು ಪಾಠದ ವಿಷಯ. ಒಂದು ಪಾಠಕ್ಕೆ 45 ನಿಮಿಷ. ಮೊದಲ ಹತ್ತು ನಿಮಿಷ ಹಳೆಯ ಅಕ್ಷರಗಳ ಕಾರ್ಡುಗಳು: ಕಾರ್ಡು ನೋಡಿ ಧ್ವನಿ ಹೇಳಬೇಕು, ಆಮೇಲೆ ಕಾರ್ಡು ತೋರಿಸದೆ ಧ್ವನಿಯನ್ನಷ್ಟೇ ಹೇಳಿದಾಗ ಬೆರಳಿನಿಂದ ಮೇಜಿನ ಮೇಲೆ ಆ ಅಕ್ಷರವನ್ನು ಬರೆಯಬೇಕು. ನಂತರ ಅಂದಿನ ಹೊಸ ಅಂಶ, ಪ್ರತಿ ಪಾಠಕ್ಕೆ ಒಂದೇ ಒಂದು. ಅದು ಒಂದು ಅಕ್ಷರವಿರಬಹುದು, ಒಂದು ಗುಣಿತದ ಗುರುತಿರಬಹುದು, ಒಂದು ಒತ್ತಿರಬಹುದು. ಅದನ್ನು ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಆಕಾರದ ಮೇಲೆ ಎರಡು ಬೆರಳಿನಿಂದ ತೀಡುತ್ತಾ ಬಾಯಲ್ಲಿ ಅದರ ಧ್ವನಿಯನ್ನು ಹೇಳಬೇಕು. ಆಮೇಲೆ ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಹರವಿದ ಅಕ್ಕಿ ತರಿಯ ಮೇಲೆ ಬರೆಯಬೇಕು. ಕಡಂಬುಟ್ಟು ಎಂಬ ಅಕ್ಕಿ ತರಿಯ ಕಡುಬಿಗೆಂದು ನಮ್ಮೆಲ್ಲರ ಮನೆಯಲ್ಲೂ ಇರುವ ತರಿಯೇ ಅದು. ಮಳೆಗಾಲದಲ್ಲಿ ಅದಕ್ಕೆ ತೇವ ಹಿಡಿದು ಬೆರಳಿನ ಗುರುತು ಸರಿಯಾಗಿ ಮೂಡುವುದಿಲ್ಲವೆಂದು ಶಿಕ್ಷಕಿ ಬೆಳಗ್ಗೆಯೇ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿಡುತ್ತಾರೆ. ಕೈ ಚಲಿಸುವಾಗ ಬಾಯಿ ಸುಮ್ಮನಿದ್ದರೆ ಅವರು ಅಲ್ಲೇ ನಿಲ್ಲಿಸಿ ಮತ್ತೆ ಮೊದಲಿನಿಂದ ಮಾಡಿಸುತ್ತಾರೆ, ಏಕೆಂದರೆ ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಅದೇ ಕ್ಷಣದಲ್ಲಿ ಅದೇ ಧ್ವನಿಯ ಮೇಲೆ ಕೂಡಬೇಕು ಎಂಬುದೇ ಈ ವಿಧಾನದ ಜೀವಾಳ.

ಇದನ್ನು ನೋಡಿದ ಮಾವನವರು, ತಮ್ಮ ಕಾಲದಲ್ಲೂ ಮರಳಿನ ಮೇಲೆ ಓನಾಮ ತಿದ್ದಿಸುತ್ತಿದ್ದರು, ಇದರಲ್ಲಿ ಹೊಸದೇನಿದೆ ಎಂದು ಕೇಳಿದರು. ಕೂಲಿಮಠದ ಮರಳಿಗೂ ಈ ತಟ್ಟೆಗೂ ನಂಟಿರುವುದು ನಿಜ. 'ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ' ಎಂದು ರಾಗವಾಗಿ ಹೇಳಿಸುತ್ತಿದ್ದ ಕಾಗುಣಿತವೂ ಆಕಾರವನ್ನು ಬಾಯಿಗೆ ತಂದುಕೊಡುವ ಉಪಾಯವೇ ಆಗಿತ್ತು. ಆದರೆ ಅಲ್ಲಿ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಸಾಗಬೇಕಿತ್ತು, ರಾಗದಲ್ಲಿ ದನಿಗೂಡಿಸಿದವನಿಗೆ ಬಿಡಿಯಾಗಿ ಕೇಳಿದರೆ ಬರುತ್ತದೆಯೇ ಎಂದು ಯಾರೂ ನೋಡುತ್ತಿರಲಿಲ್ಲ. ಇಲ್ಲಿ ನೋಡುವುದೇ ಅದನ್ನು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಬೀಜಗಳ ಪಾಠ. ವ್ಯಂಜನಕ್ಕೆ ಕಾಫಿ ಬೀಜ, ಸ್ವರಕ್ಕೆ ಹುಣಸೆ ಬೀಜ. 'ಮರ' ಎಂದು ಶಿಕ್ಷಕಿ ನಿಧಾನವಾಗಿ ಹೇಳಿದರೆ ಮಗು ಮ್, ಅ, ರ್, ಅ ಎನ್ನುತ್ತಾ ನಾಲ್ಕು ಬೀಜಗಳನ್ನು ಒಂದೊಂದಾಗಿ ಮುಂದೆ ಸರಿಸಬೇಕು. ಕಣ್ಣಿಗೆ ಎರಡೇ ಅಕ್ಷರ, ಕಿವಿಗೆ ನಾಲ್ಕು ಧ್ವನಿ. ಇಂಗ್ಲಿಷಿನಲ್ಲಿ ಸ್ವರವೂ ವ್ಯಂಜನವೂ ಸಾಲಾಗಿ ಪಕ್ಕಪಕ್ಕ ನಿಲ್ಲುತ್ತವೆ; ಕನ್ನಡದಲ್ಲಿ ಸ್ವರವು ವ್ಯಂಜನದ ತಲೆಯ ಮೇಲೋ ಬಲಬದಿಗೋ ಕೆಳಗೋ ಅಂಟಿಕೊಂಡು ಎರಡೂ ಸೇರಿ ಒಂದೇ ಅಕ್ಷರವಾಗುತ್ತವೆ. ಬಹುಪಾಲು ಮಕ್ಕಳಿಗೆ ಇದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ, ನನ್ನ ಮಗನಂಥವರಿಗೆ ಬಿಡಿಸಿ ತೋರಿಸಬೇಕು. 'ಕಿ' ಮತ್ತು 'ತಿ' ಎರಡರಲ್ಲೂ ಗುಡಿಸು ಒಂದೇ, ಹುಣಸೆ ಬೀಜವೂ ಒಂದೇ ಎಂದು ಅವನಿಗೆ ಹೊಳೆದ ದಿನ ನಾನು ಬಾಗಿಲ ಬಳಿ ಕುಳಿತಿದ್ದೆ. ಅದುವರೆಗೆ ಅವನಿಗೆ ಕನ್ನಡವೆಂದರೆ ನೂರಾರು ಬಿಡಿ ಚಿತ್ರಗಳನ್ನು ನೆನಪಿಡುವ ಕೆಲಸವಾಗಿತ್ತು. ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿರುವ ಸೊನಾಲಿ ನಾಗ್ ಅವರು, ಅಕ್ಷರಗಳ ಸಂಖ್ಯೆ ದೊಡ್ಡದಿರುವುದರಿಂದ ಕನ್ನಡದಲ್ಲಿ ಅಕ್ಷರ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಸಾಗುತ್ತದೆ ಎಂದು 2007ರಲ್ಲೇ ತೋರಿಸಿದ್ದಾರೆ. ಎಲ್ಲರಿಗೂ ಅಷ್ಟು ಕಾಲ ಬೇಕಾಗುವ ದಾರಿಯಲ್ಲಿ ಮೊದಲೇ ತಡವರಿಸುವ ಮಗುವನ್ನು ಆರು ತಿಂಗಳಲ್ಲಿ ಕಾಗುಣಿತ ಮುಗಿಸು ಎಂದು ಅವಸರಪಡಿಸುವುದು ಎಷ್ಟು ಅನ್ಯಾಯವೆಂದು ಈಗ ಅರ್ಥವಾಗುತ್ತದೆ.

ಅಕ್ಷರಗಳ ಕ್ರಮವೂ ವರ್ಣಮಾಲೆಯದಲ್ಲ. ನಮ್ಮ ನಲಿ-ಕಲಿ ತರಗತಿಗಳಲ್ಲಿ 'ರ ಗ ಸ ದ ಅ' ಎಂದು ಆರಂಭಿಸುವಂತೆ ಇಲ್ಲಿಯೂ ಬರೆಯಲು ಸುಲಭವಾದವು ಮೊದಲು ಬರುತ್ತವೆ. ಆದರೆ ಒಂದನ್ನೊಂದು ಹೋಲುವವನ್ನು ಶಿಕ್ಷಕಿ ಬೇಕೆಂದೇ ದೂರದೂರ ಇಡುತ್ತಾರೆ. 'ವ' ಗಟ್ಟಿಯಾದ ಮೇಲೆ ಹಲವು ವಾರ ಬಿಟ್ಟು 'ಮ' ಬರುತ್ತದೆ. ಪ, ಷ, ಫ, ಘ ಒಂದೇ ತಿಂಗಳಲ್ಲಿ ಎದುರಾಗುವುದಿಲ್ಲ. ಮಹಾಪ್ರಾಣಕ್ಕೆ ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ದ' ಎಂದಾಗ ಬಾರದ ಉಸಿರು 'ಧ' ಎಂದಾಗ ಬಡಿಯುವುದನ್ನು ಗಮನಿಸಬೇಕು. ಮನೆಯ ಮಾತಿನಲ್ಲಿ ಮಹಾಪ್ರಾಣವನ್ನು ಒತ್ತಿ ಆಡದ ನಮ್ಮಂಥವರ ಮಕ್ಕಳಿಗೆ ಇದು ಬಹಳ ಮುಖ್ಯ, ಏಕೆಂದರೆ ಕಿವಿಗೆ ಎಂದೂ ಬೀಳದ ಧ್ವನಿಯನ್ನು ಕಾಗದದ ಮೇಲೆ ಗುರುತಿಸು ಎಂದರೆ ಮಗು ಊಹಿಸದೆ ಬೇರೇನು ಮಾಡೀತು? ಹ್ರಸ್ವ ದೀರ್ಘಗಳಿಗೆ ರಬ್ಬರ್ ಬ್ಯಾಂಡು: 'ಬಳೆ' ಎಂದರೆ ಸುಮ್ಮನೆ ಹಿಡಿಯಬೇಕು, 'ಬಾಳೆ' ಎಂದರೆ ಎಳೆಯಬೇಕು. ನಡುನಡುವೆ 'ಪಗು', 'ಟಲಿ' ಎಂಬಂಥ ಅರ್ಥವಿಲ್ಲದ ಪದಗಳನ್ನೂ ಓದಿಸುತ್ತಾರೆ. ಮೊದಲು ನನಗದು ವಿಚಿತ್ರವಾಗಿ ಕಂಡಿತು; ಚಿತ್ರ ನೋಡಿ ಊಹಿಸುವ ಅಭ್ಯಾಸವನ್ನು ಬಿಡಿಸಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ಆಮೇಲೆ ಒಪ್ಪಿಕೊಂಡೆ.

ಅರ್ಕಾವೊತ್ತಿನ ಪಾಠವೊಂದನ್ನು ಹೇಳಲೇಬೇಕು. ನಮ್ಮ ಊರಿನ ಹೆಸರಿನಲ್ಲೇ ಅದಿದೆ. ಬಾಯಲ್ಲಿ 'ರ್' ಮೊದಲು ಬರುತ್ತದೆ, ಬರಹದಲ್ಲಿ ಅದರ ಗುರುತು ಮುಂದಿನ ಅಕ್ಷರವನ್ನು ಬರೆದಾದ ಮೇಲೆ ಬರುತ್ತದೆ. ಮಗ ಬಸ್ಸಿನ ಬೋರ್ಡನ್ನು 'ಮೂನಾಡು' ಎಂದೇ ಓದುತ್ತಿದ್ದ, ಆ ಗುರುತು ಅವನಿಗೆ ಅಕ್ಷರವಾಗಿಯೇ ಕಂಡಿರಲಿಲ್ಲ. ಶಿಕ್ಷಕಿ ಪದವನ್ನು ತುಂಡು ಕಾಗದಗಳಲ್ಲಿ ಬರೆದು, ಧ್ವನಿಯ ಕ್ರಮದಲ್ಲಿ ಒಮ್ಮೆ, ಬರಹದ ಕ್ರಮದಲ್ಲಿ ಒಮ್ಮೆ ಜೋಡಿಸಲು ಹೇಳಿದರು. 'ರ್' ಎಂಬ ಚೀಟಿಯನ್ನು ಕೈಯಿಂದ ಎತ್ತಿ 'ನಾ' ಎಂಬುದನ್ನು ದಾಟಿಸಿ ಇಡುವ ಕೆಲಸವನ್ನು ಅವನು ಆರೇಳು ಸಲ ಮಾಡಿದ. ಸೂರ್ಯ, ಮಾರ್ಗ, ಕಾರ್ಯ ಎಲ್ಲವೂ ಅದೇ ವಾರದಲ್ಲಿ ಬಂದವು. ತರಗತಿಯ ಕರಿಹಲಗೆಯಲ್ಲಿ ನಿಯಮ ಬರೆದು ಹೇಳಿದ್ದರೆ ಈ ಅರಿವು ಅವನಿಗೆ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. ಅಂದಿನ ಪಾಠ ಹುಟ್ಟಿದ್ದೇ ಹಿಂದಿನ ದಿನ ಅವನು ಬಸ್ಸಿನ ಬೋರ್ಡಿನಲ್ಲಿ ಮಾಡಿದ ತಪ್ಪಿನಿಂದ. ಮಗು ಮಾಡಿದ ತಪ್ಪನ್ನು ಶಿಕ್ಷಕಿ ಪುಸ್ತಕವೊಂದರಲ್ಲಿ ಬರೆದುಕೊಳ್ಳುತ್ತಾರೆ, ಮುಂದಿನ ಪಾಠ ಆ ಪುಟದಿಂದಲೇ ಶುರುವಾಗುತ್ತದೆ. ಒಬ್ಬರಿಗೊಬ್ಬರು ಕುಳಿತು ಕಲಿಸುವುದರ ಬೆಲೆ ಇರುವುದು ಇಲ್ಲಿ.

ವಿಧಾನದ ಹಿನ್ನೆಲೆಯನ್ನು ತಿಳಿಯಬಯಸುವವರಿಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, ಇದಕ್ಕೆ ಆರ್ಟನ್-ಗಿಲಿಂಗ್‌ಹ್ಯಾಮ್ ಪದ್ಧತಿ ಎಂದು ಹೆಸರು. ಸ್ಯಾಮ್ಯುಯೆಲ್ ಆರ್ಟನ್ ಅಮೆರಿಕದ ಮೆದುಳು ತಜ್ಞ. ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲದ ಮಕ್ಕಳು ಓದಲಾರದೆ ಕೂರುವುದನ್ನು 1920ರ ದಶಕದಲ್ಲಿ ಅಯೋವಾ ರಾಜ್ಯದಲ್ಲಿ ಕಂಡು ಅದರ ಬಗ್ಗೆ 1925ರಲ್ಲಿ ಬರೆದವರು. ಅವರ ವಿಚಾರಗಳನ್ನು ಹಂತಹಂತವಾದ ಪಾಠಗಳಾಗಿ ಮಾಡಿದವರು ಆನಾ ಗಿಲಿಂಗ್‌ಹ್ಯಾಮ್ ಮತ್ತು ಬೆಸ್ಸಿ ಸ್ಟಿಲ್‌ಮನ್. ಇದನ್ನು ಪವಾಡದಂತೆ ಮಾರುವವರಿದ್ದಾರೆ, ಅದನ್ನು ನಂಬಬಾರದು. ಧ್ವನಿ ಮತ್ತು ಅಕ್ಷರಗಳ ಸಂಬಂಧವನ್ನು ಕ್ರಮವಾಗಿ, ನೇರವಾಗಿ ಕಲಿಸುವುದರಿಂದ ಲಾಭವಿದೆ ಎಂಬುದನ್ನು ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಇಂಗ್ಲಿಷಿನ ಮಟ್ಟಿಗೆ ಒಪ್ಪಿದೆ. ಆದರೆ ಈ ಪದ್ಧತಿಯನ್ನೇ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸರಾಸರಿ ಪರಿಣಾಮ ಒಳ್ಳೆಯ ದಿಕ್ಕಿನಲ್ಲೇ ಇದ್ದರೂ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಖಚಿತವೆನ್ನುವಷ್ಟಿಲ್ಲ ಎಂದಿತು. ಇದನ್ನು ನಾನು ಶಿಕ್ಷಕಿಯ ಮುಂದಿಟ್ಟಾಗ ಅವರು ಬೇಸರಪಡಲಿಲ್ಲ. "ಹೆಸರು ಯಾವುದಾದರೂ ಇರಲಿ ಅಮ್ಮ, ಕ್ರಮ ತಪ್ಪಬಾರದು, ಅಳತೆ ತಪ್ಪಬಾರದು" ಎಂದರು. ಪ್ರತಿ ತಿಂಗಳ ಕೊನೆಗೆ ಒಂದು ನಿಮಿಷದಲ್ಲಿ ಸರಿಯಾಗಿ ಓದಿದ ಪದಗಳನ್ನು ಅವರು ಎಣಿಸುತ್ತಾರೆ. ಮೊದಲ ತಿಂಗಳು ನನ್ನ ಮಗನದು 11 ಇತ್ತು, ಈಗ 38. ತನ್ನ ಸಹಪಾಠಿಗಳಿಗಿಂತ ಅವನು ಇನ್ನೂ ನಿಧಾನ, ಆದರೆ ಈಗ ಊಹಿಸುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲನೆಯ ಐದು ತಿಂಗಳು ನಮಗೆ ಲಿಖಿತವಾಗಿ ಏನೂ ಸಿಗಲಿಲ್ಲ. ತಪ್ಪಿನ ಪುಸ್ತಕ, ತಿಂಗಳ ಎಣಿಕೆ ಎಲ್ಲ ಅವರ ಬಳಿಯೇ ಇರುತ್ತಿತ್ತು, ನಾವು ಕೇಳಿದ ಮೇಲಷ್ಟೇ ಪ್ರತಿ ಕೊಡಲಾರಂಭಿಸಿದರು. ಶಾಲೆಯೊಂದಿಗೆ ಅವರು ಮಾತನಾಡುವುದಿಲ್ಲ, ಆ ಹೊರೆ ಪೂರ್ತಿ ತಂದೆತಾಯಿಯದು. ಹಾಗಾಗಿ ಇಲ್ಲಿ ಒತ್ತಕ್ಷರದ ಹೊಸ್ತಿಲಲ್ಲಿದ್ದ ಮಗು ಅಲ್ಲಿ ಉದ್ದುದ್ದ ಗದ್ಯಪಾಠಗಳ ಮುಂದೆ ಕುಳಿತು ಕಣ್ಣೀರಿಡುವುದು ತಪ್ಪಲಿಲ್ಲ. ಒಮ್ಮೆ ಪುಟದ ಮೇಲೆ ಬಣ್ಣದ ಪ್ಲಾಸ್ಟಿಕ್ ಹಾಳೆ ಇಟ್ಟು ಓದಿಸಲು ಆರಂಭಿಸಿದ್ದರು. ಬಣ್ಣದ ಹಾಳೆ, ಬಣ್ಣದ ಕನ್ನಡಕಗಳಿಂದ ಡಿಸ್ಲೆಕ್ಸಿಯಾಕ್ಕೆ ಉಪಯೋಗವಿದೆ ಎನ್ನಲು ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರು ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿ ಹೇಳಿವೆ. ನಾವು ಬೇಡವೆಂದೆವು, ಅವರೂ ನಿಲ್ಲಿಸಿದರು.

ಇನ್ನೊಂದು ಕೊರತೆ ಅವರದಲ್ಲ. ಮಗು ಕಲಿತ ಅಕ್ಷರಗಳಷ್ಟನ್ನೇ ಬಳಸಿ ಬರೆದ ಕನ್ನಡ ಕಥೆಪುಸ್ತಕಗಳು ಅಂಗಡಿಯಲ್ಲಿ ಕೇಳಿದರೆ ನಮಗೆ ಸಿಗಲಿಲ್ಲ. ಒತ್ತಕ್ಷರವಿಲ್ಲದೆ ಎರಡು ಪುಟ ಓದಿಸಬೇಕೆಂದರೆ ಶಿಕ್ಷಕಿಯೇ ರಾತ್ರಿ ಕುಳಿತು ಬರೆಯಬೇಕು. ಆನೆ, ಬಾಳೆ ತೋಟ, ಜಾರುವ ದಾರಿ, ಅಜಯನ ಕೊಡೆ ಎಂಬಂಥ ಪುಟ್ಟ ಕಥೆಗಳು ನೋಟುಪುಸ್ತಕದಲ್ಲಿ ಕೈಬರಹದಲ್ಲಿವೆ. ಅವನ್ನು ಯಾರಾದರೂ ಅಚ್ಚು ಹಾಕಿಸಿದರೆ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಉಪಕಾರವಾದೀತು.

ಮಳೆಯ ತೊಂದರೆಯನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಜುಲೈ ತಿಂಗಳಲ್ಲಿ 12 ಪಾಠಗಳ ಬದಲು ಐದು ನಡೆದವು. ಫೋನಿನ ವಿಡಿಯೋದಲ್ಲಿ ಮಾಡಿ ನೋಡಿದೆವು. ಕಾರ್ಡು ಓದಿಸುವುದು ಆಗುತ್ತದೆ, ಆದರೆ ಕೈ ಹಿಡಿದು ತೀಡಿಸುವುದು, ಬೆರಳು ತಪ್ಪು ದಿಕ್ಕಿಗೆ ಹೊರಟ ಕ್ಷಣವೇ ತಡೆಯುವುದು ಆಗುವುದಿಲ್ಲ. ಮೂರನೆಯ ಪಾಠಕ್ಕೆ ಅದನ್ನು ಬಿಟ್ಟು, ಮನೆಯಲ್ಲಿ ನಾನೇ ಹದಿನೈದು ನಿಮಿಷ ಹಳೆಯ ಕಾರ್ಡುಗಳನ್ನು ಮಾಡಿಸುವುದೆಂದು ತೀರ್ಮಾನಿಸಿದೆವು. ಹೊಸದನ್ನು ಮನೆಯಲ್ಲಿ ಕಲಿಸಬೇಡಿ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಒಮ್ಮೆ ಮೀರಿದೆ, ನಾನು ಅವಸರದಲ್ಲಿ ಕಲಿಸಿದ 'ಭ'ವನ್ನು ಸರಿಪಡಿಸಲು ಅವರಿಗೆ ಎರಡು ವಾರ ಹಿಡಿಯಿತು.

ಒಂದು ಪಾಠಕ್ಕೆ 350 ರೂಪಾಯಿ, ತಿಂಗಳಿಗೆ 12 ಪಾಠಗಳಿಗೆ 4,200 ರೂಪಾಯಿ, ಬಸ್ಸಿನ ಖರ್ಚು ಬೇರೆ. ಮಾಡುವ ಕೆಲಸಕ್ಕೆ ಇದು ನ್ಯಾಯವಾದ ಶುಲ್ಕವೇ. ಆದರೆ ಕಾಫಿ ಕೊಯ್ಲಿಗೆ ಬರುವ ಕೂಲಿಕಾರರ ಲೈನ್‌ಮನೆಗಳಲ್ಲಿ ಬೆಳೆಯುವ ಮಗುವಿಗೆ ಇದು ನಿಲುಕದು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಮತ್ತೊಂದು, ಹಂಗಾಮು ಮುಗಿದರೆ ಊರೇ ಬೇರೆ ಎಂಬ ಸ್ಥಿತಿಯಲ್ಲಿರುವ ಮಕ್ಕಳಲ್ಲಿ ಯಾರಿಗೆ ಅಭ್ಯಾಸದ ಕೊರತೆಯಿದೆ, ಯಾರಿಗೆ ನಿಜವಾದ ಕಲಿಕಾ ನ್ಯೂನತೆಯಿದೆ ಎಂದು ಬೇರ್ಪಡಿಸಿ ನೋಡುವವರು ಯಾರು? ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮ ಕೈಗೊಳ್ಳಬೇಕೆಂದು 2016ರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಈ ಶಿಕ್ಷಕಿ ತಮ್ಮ ಎಂಟು ಜಾಗಗಳಲ್ಲಿ ಎರಡನ್ನು ಅಂಥ ಮಕ್ಕಳಿಗೆ ಶುಲ್ಕವಿಲ್ಲದೆ ಇಟ್ಟಿದ್ದಾರೆ. ಅವರ ಮನೆಯ ಕೋಣೆ ಮಾಡುತ್ತಿರುವುದನ್ನು ಪ್ರತಿ ಶಾಲೆಯ ಒಂದು ಕೋಣೆ ಮಾಡಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಇಂಗ್ಲಿಷನ್ನು ಮೊದಲು ಕಲಿಸಿ ಎಂದು ನನ್ನ ಯಜಮಾನರು ಒತ್ತಾಯಿಸಿದ್ದರು. ಎರಡು ಲಿಪಿಗಳನ್ನು ಒಟ್ಟಿಗೆ ಹಿಡಿಯುವುದು ಬೇಡ, ಬರೆದಂತೆಯೇ ಓದುವ ಕನ್ನಡದಲ್ಲಿ ಕಾಲೂರಲಿ, ಆಮೇಲೆ 26 ಅಕ್ಷರಗಳಲ್ಲಿ ಸುಮಾರು 44 ಧ್ವನಿಗಳನ್ನು ಹೊಂದಿಸುವ ಇಂಗ್ಲಿಷಿಗೆ ಹೋಗೋಣ ಎಂದು ಶಿಕ್ಷಕಿ ಹೇಳಿದರು. ಒಂಬತ್ತನೆಯ ತಿಂಗಳಿನಿಂದ ವಾರಕ್ಕೊಂದು ಪಾಠ ಇಂಗ್ಲಿಷಿಗೆ ಮೀಸಲಾಗಿದೆ. ಅದರ ಬಗ್ಗೆ ಅಭಿಪ್ರಾಯ ಹೇಳುವಷ್ಟು ಕಾಲ ಇನ್ನೂ ಆಗಿಲ್ಲ.

ಬೇರೆ ಊರಿನಲ್ಲಿ ಹುಡುಕುವವರು ಕಲಿಸುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ, ಒಂದು ಪಾಠವನ್ನು ಎದುರಿಗೆ ಕುಳಿತು ನೋಡಲು ಬಿಡುತ್ತಾರೆಯೇ ಎಂದು ಕೇಳಿ, ಕನ್ನಡದ ಒತ್ತಕ್ಷರವನ್ನು ಯಾವ ಕ್ರಮದಲ್ಲಿ ಕಲಿಸುತ್ತೀರಿ ಎಂದು ಕೇಳಿ. ಕೊನೆಯ ಪ್ರಶ್ನೆಗೆ ತಡವಿಲ್ಲದೆ ಉತ್ತರ ಬಂದರೆ ಅವರು ಕನ್ನಡದ ಬಗ್ಗೆ ಯೋಚಿಸಿದ್ದಾರೆ ಎಂದರ್ಥ. ಆರು ವಾರದಲ್ಲಿ ಗುಣಪಡಿಸುತ್ತೇವೆ ಎನ್ನುವವರ ಬಳಿ ಹೋಗಬೇಡಿ. ಇದು ಗುಣಪಡಿಸುವ ಕಾಯಿಲೆಯಲ್ಲ, ಕನಿಷ್ಠ ಎರಡು ವರ್ಷಗಳ ಕೆಲಸವೆಂದು ಇವರು ನಮಗೆ ಮೊದಲ ದಿನವೇ ಹೇಳಿದ್ದರು.

ಮುಂದಿನ ಅವಧಿಯ ಶುಲ್ಕವನ್ನು ಕಟ್ಟಿದ್ದೇವೆ. ವಿಜಾತೀಯ ಒತ್ತಕ್ಷರಗಳ ಎರಡನೆಯ ಗುಂಪು ಸೋಮವಾರ ಆರಂಭವಾಗುತ್ತದೆ, ಅದರಲ್ಲಿ ಮೊದಲನೆಯದಾಗಿ 'ನಾಪೋಕ್ಲು' ಪದ ಬೇಕೆಂದು ಮಗ ಕೇಳಿಕೊಂಡಿದ್ದಾನೆ. ಅವನ ಅಜ್ಜಿಯ ಮನೆ ಅಲ್ಲಿದೆ.